ಅಕ್ಕನಿಗೆ ಹಡಗಿನಲ್ಲಿ ಊಟ ಹಾಕಿಸಲು ಹೋಗಿ

ನಾಲ್ಕು ದಿನದ ಊಟಕ್ಕೆ ಮೊದಲೇ ದುಡ್ಡು ಕಟ್ಟಿ, ಮೊದಲನೆಯ ದಿನವೇ ನನ್ನ ಅಕ್ಕನನ್ನು ಉಪವಾಸ ಮಲಗಿಸಿದ ಕೀರ್ತಿ ನನ್ನದು. ಅದೂ ಎಲ್ಲಿ? ತಿನ್ನುವುದನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲದ ಜಾಗದಲ್ಲಿ. ಸಿಂಗಪುರದಲ್ಲಿ ಹತ್ತಿಸಿಕೊಂಡು, ಸಮುದ್ರ ಸುತ್ತಿಸಿ, ಮತ್ತೆ ಸಿಂಗಪುರಕ್ಕೇ ತಂದು ಇಳಿಸುವ ಹಡಗು ಅದು. ಯಾವ ಹೊತ್ತಿಗೆ ಯಾವ ಮಹಡಿಗೆ ಹೋದರೂ ಒಂದು ಮೂಲೆಯಲ್ಲಿ ಯಾರೋ ಏನೋ ಅಗಿಯುತ್ತ ಕೂತಿರುತ್ತಿದ್ದರು. ಅವರೆಲ್ಲರ ನಡುವೆ ಹಸಿದುಕೊಂಡು ಇದ್ದವಳು ಸಾತನೂರು ಕಡೆಯ ನಮ್ಮಕ್ಕ ಒಬ್ಬಳೇ.

ಈ ಪ್ರವಾಸದ ಹುಚ್ಚು ಪೂರ್ತಿ ನನ್ನದು. ಕನಕಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತಳಾದೆ. ಕೈಗೆ ಒಂದಷ್ಟು ದುಡ್ಡು ಬಂದಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಅಕ್ಕ ಕೂತುಕೊಂಡು, ಬೇರೆಯವರು ಬಡಿಸಿ, ಅವಳು ಹೊಟ್ಟೆ ತುಂಬ ಉಣ್ಣುವುದನ್ನು ಒಂದು ಸಲ ಕಣ್ಣಾರೆ ನೋಡಬೇಕು.

ಇದೂ ಒಂದು ಆಸೆಯಾ ಅನ್ನಬೇಡಿ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು. ಮುಂದೆ ಅಕ್ಕ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ನನ್ನನ್ನೂ ಕೈಹಿಡಿದುಕೊಂಡೇ ಹೋದಳು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನಾನು ಬೆಳೆದದ್ದು ಆ ಮನೆಯಲ್ಲೇ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಹಸುಗಳು, ಅವಳ ಅತ್ತೆ ಮಾವ, ಗಂಡ, ಮೈದುನರು, ಸೊಪ್ಪು ಕೊಯ್ಯಲು ಬರುವ ಆಳುಗಳು. ಹುಳಕ್ಕೆ ಸೊಪ್ಪು ಹಾಕಿ, ಹಸುವಿಗೆ ಹುಲ್ಲು ಹಾಕಿ, ಮನುಷ್ಯರಿಗೆ ಮುದ್ದೆ ಹಾಕಿ, ಈ ಸರದಿಯೆಲ್ಲ ಮುಗಿದ ಮೇಲೆ ಅಕ್ಕ ಒಲೆಯ ಪಕ್ಕ ನಿಂತುಕೊಂಡೇ ಸಾರಿನ ಪಾತ್ರೆಗೆ ಮುದ್ದೆ ಅದ್ದಿ ನುಂಗುತ್ತಿದ್ದಳು. ಉಂಡೆದ್ದವರು "ಉಪ್ಪು ಕಮ್ಮಿ", "ಖಾರ ಜಾಸ್ತಿ" ಎಂದು ಅವಳಿಗೆ ಹೇಳಿಯೇ ಕೈ ತೊಳೆಯಲು ಹೋಗುತ್ತಿದ್ದರು. ಅಕ್ಕ ಮಾತ್ರ ಯಾರ ಮನೆಯ ಊಟಕ್ಕೂ ಒಂದು ಹೆಸರಿಟ್ಟವಳಲ್ಲ. ನನ್ನ ಮದುವೆಯ ದಿನ ಅವಳು ಯಾವಾಗ ಉಂಡಳೋ ಯಾರಿಗೂ ಗೊತ್ತಿಲ್ಲ. ಅವಳ ಇಬ್ಬರು ಮಕ್ಕಳ ಮದುವೆಯಲ್ಲೂ ಅಡುಗೆಯವರ ಜೊತೆಗೇ ಇದ್ದಳು.

ರಾಮನಗರದ ಟ್ರಾವೆಲ್ಸಿನವರು, "ಮೇಡಂ, ಹಡಗಲ್ಲಿ ಊಟ ಎಲ್ಲಾ ಫ್ರೀ. ನೀವು ಸುಮ್ನೆ ಕೂತ್ಕೊಂಡ್ರೆ ಸಾಕು, ತಂದು ತಂದು ಬಡಿಸ್ತಾರೆ" ಅಂದರು. ಆ ಒಂದು ಮಾತಿಗೆ ನಾನು ಬಿದ್ದುಹೋದೆ. ಹಾಗಂತ ನಮ್ಮ ಪದ್ಧತಿ ಬಿಟ್ಟೆನೇ? ರೇಟು ಕೇಳಿ "ಅಯ್ಯಪ್ಪಾ" ಅಂದೆ. ಬಾಗಿಲವರೆಗೆ ಎದ್ದು ಹೋದೆ. ಅವರು ಕರೆದರು, ಸ್ವಲ್ಪ ಇಳಿಸಿದರು, ಕೊನೆಗೆ ಕೊಸರು ಎಂದು ಎರಡು ಬ್ಯಾಗು ಕೊಟ್ಟರು. ಸೊಪ್ಪಿನವಳು ನಾಲ್ಕು ಕಟ್ಟಿನ ಮೇಲೆ ಒಂದು ಹಿಡಿ ಕೊತ್ತಂಬರಿ ಎಸೆಯದೆ ಇದ್ದರೆ ವ್ಯಾಪಾರ ಮುಗಿದ ಹಾಗೆಯೇ ಅನ್ನಿಸುವುದಿಲ್ಲ ನಮಗೆ. ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ಮುಖ ತಿರುಗಿಸಿಕೊಂಡು ಹೊರಟು, ಕರೆಸಿಕೊಂಡು ಅಭ್ಯಾಸವಾದ ಕಾಲುಗಳು ಇವು.

ಅಕ್ಕನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ಹುಳ ಇರುವಾಗ ಅವಳು ಹೊಸಿಲು ದಾಟುವುದಿಲ್ಲ. ಕೊನೆಗೆ ಒಂದು ಬೆಳೆಯ ಗೂಡು ಮಾರಿ, ಮುಂದಿನ ಮರಿಹುಳ ತರುವುದಕ್ಕೆ ಮುಂಚೆ ಸಿಗುವ ಬಿಡುವಿಗೆ ಟಿಕೆಟ್ಟು ಮಾಡಿಸಿದೆ.

"ಅಲ್ಲಿ ಅಡುಗೆ ಯಾರು ಮಾಡ್ತಾರೆ?" ಅಂತ ಕೇಳಿದಳು.

"ಯಾರಾದ್ರೂ ಮಾಡ್ಲಿ, ನೀನಂತೂ ಅಲ್ಲ" ಅಂದೆ. ಅವಳು ನಂಬಲಿಲ್ಲ. ಎರಡು ಕೆ.ಜಿ. ರಾಗಿ ಹುರಿಹಿಟ್ಟು, ಸಕ್ಕರೆ ಕಾಯಿಲೆಯ ಮಾತ್ರೆ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಂಡಳು.

ಮೊದಲನೆಯ ಸಂಜೆ ನಮ್ಮಿಬ್ಬರಿಗೆ ಕಿಟಕಿಯ ಪಕ್ಕದ ಮೇಜು ಕೊಟ್ಟರು. ಬಿಳಿ ಬಟ್ಟೆ ಹಾಸಿದ್ದರು. ಬಡಿಸಲು ಬಂದವಳು ನನ್ನದೇ ವಯಸ್ಸಿನ ಹೆಂಗಸು, ಫಿಲಿಪ್ಪೀನ್ಸಿನವಳಂತೆ, ತಲೆ ಅರ್ಧ ನೆರೆತಿತ್ತು. ನಾನು ಇಬ್ಬರಿಗೂ ಒಂದೇ ಊಟ ಹೇಳಿದೆ: ಸೂಪು, ಹಸಿ ತರಕಾರಿ, ಮೀನು, ಅನ್ನ.

ಸೂಪು ಬಂತು. ಅಕ್ಕ ಕೈ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಿಸಿ ಆರಲಿ ಅಂತಿರಬೇಕು ಅಂದುಕೊಂಡು ನಾನು ಕುಡಿದೆ. ಸ್ವಲ್ಪ ಹೊತ್ತಿಗೆ ಆ ಹೆಂಗಸು ಬಂದು, ಮುಟ್ಟದ ಬಟ್ಟಲು ನೋಡಿ, ಎತ್ತಲಾ ಎಂದು ಸನ್ನೆ ಮಾಡಿದಳು. ಅಕ್ಕ ಅವಳನ್ನು ನೋಡಿ ನಕ್ಕಳು. ಬಟ್ಟಲು ಹೋಯಿತು. ತರಕಾರಿ ಬಂತು. ಅಕ್ಕ ಮತ್ತೆ ಹಾಗೇ ಕೂತಳು. ಅದೂ ಹೋಯಿತು. ಮೀನು, ಅನ್ನ ಬಂದಾಗ "ತಿನ್ನಕ್ಕ" ಅಂದೆ. "ಆಯ್ತು, ನೀನು ಉಣ್ಣು" ಅಂದಳು. ನನಗೆ ಹಸಿವಾಗಿತ್ತು, ಉಂಡೆ. ಮೀನು ಚೆನ್ನಾಗಿತ್ತು ಕೂಡ. ನನ್ನ ತಟ್ಟೆ ಖಾಲಿಯಾದ ಮೇಲೆಯೇ ನಾನು ಅಕ್ಕನ ತಟ್ಟೆ ನೋಡಿದ್ದು. ಹೇಗೆ ಬಂದಿತ್ತೋ ಹಾಗೇ ಇತ್ತು.

ಬಡಿಸುವ ಹೆಂಗಸು ಗಾಬರಿಯಾಗಿ, ಬೇರೆ ಏನಾದರೂ ತರಲೇ ಎಂದು ಕೇಳಿದಳು. ಅಕ್ಕ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು "ಬೇಡ ಬೇಡ" ಅಂದಳು. ಆ ಹೆಂಗಸು ತಲೆ ಬಾಗಿಸಿ, ತಟ್ಟೆ ಎತ್ತಿಕೊಂಡು ಹೋದಳು.

"ಯಾಕಕ್ಕ ಏನೂ ಮುಟ್ಟಲಿಲ್ಲ?"

"ಎಲ್ಲಾ ಬರ್ಲಿ ಅಂತ ಕಾಯ್ತಿದ್ದೆ ಕಣೆ. ಒಂದು ತತ್ತಾಳೆ, ಇನ್ನೊಂದು ತರೋ ಹೊತ್ಗೆ ಮೊದಲಿಂದು ಎತ್ಕಂಡು ಹೋಯ್ತಾಳೆ. ಅನ್ನ ಬಂತು, ಸಾರು ಬರ್ನೇ ಇಲ್ಲ. ಸಾರಿಲ್ದೆ ಅನ್ನಕ್ಕೆ ಹೆಂಗೆ ಕೈ ಹಾಕೋದು?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಎಲೆ ತುಂಬದೆ ಯಾರು ಕೈ ಹಾಕುತ್ತಾರೆ? ಉಪ್ಪು, ಪಲ್ಯ, ಕೋಸಂಬರಿ, ಅನ್ನ, ಸಾರು, ತುಪ್ಪ ಎಲ್ಲ ಬಿದ್ದು, ಪಂಕ್ತಿಯ ಹಿರಿಯರು ಶುರು ಮಾಡಿದ ಮೇಲೆ ಉಣ್ಣುವುದು. ಅಕ್ಕ ಆ ಬಿಳಿ ಬಟ್ಟೆಯ ಮೇಲೆ ಎಲೆ ತುಂಬಲಿ ಅಂತ ಒಂದು ಗಂಟೆ ಕಾದಿದ್ದಳು.

"ಮತ್ತೆ ಕೊನೇಲಿ ಅವಳು ಕೇಳಿದಾಗ ಬೇಡ ಅಂದೆಯಲ್ಲ?"

"ಕೇಳ್ದೇಟ್ಗೆ ಹೂಂ ಅನ್ನೋಕಾಯ್ತದಾ? ಒಂದ್ಸಲ ಬೇಡ ಅಂದಿದ್ಕೆ ಹೋಗೇಬುಟ್ಲಲ್ಲ. ಅವಳಿಗೂ ಸುಸ್ತಾಗಿರ್ಬೇಕು, ಪಾಪ."

ಎಲೆಗೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಬಡಿಸುವ ಜನ ನಾವು. ಇದನ್ನು ಆ ಹೆಂಗಸಿಗೆ ಯಾರು ಹೇಳಬೇಕಿತ್ತು? ರೂಮಿಗೆ ಬಂದು ಹುರಿಹಿಟ್ಟು ಕಲಸಿಕೊಡುತ್ತೇನೆ ಅಂದರೆ, "ಒಂದೊತ್ತು ಉಣ್ದೆ ಇದ್ರೆ ಸಾಯಕ್ಕಿಲ್ಲ ಬುಡು" ಅಂತ ಮುಸುಕು ಹಾಕಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ಬೆಳಿಗ್ಗೆ ಬೇರೆ ಉಪಾಯ ಮಾಡಿದೆ. ಮೇಲಿನ ಮಹಡಿಯಲ್ಲಿ ನಾವೇ ಬಡಿಸಿಕೊಳ್ಳುವ ಸಾಲು ಇತ್ತು, ಅಲ್ಲಿಗೆ ಕರೆದುಕೊಂಡು ಹೋದೆ. ಇಲ್ಲಿ ಯಾರನ್ನೂ ಕಾಯಬೇಕಿಲ್ಲ, ಬೇಕಾದ್ದು ಹಾಕ್ಕೋ ಅಂತ ಕೈಗೆ ತಟ್ಟೆ ಕೊಟ್ಟು, ನಾನು ಕಾಫಿ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ನಡೆಯಬೇಕಾದ್ದು ನಡೆದುಹೋಗಿತ್ತು. ಯಾರೋ ಮುದುಕರು ನಡುಗುವ ಕೈಯಲ್ಲಿ ನೂಡಲ್ಸ್ ಚೆಲ್ಲಿಕೊಂಡರಂತೆ. ಅಕ್ಕ ಅವರ ಕೈಯಿಂದ ಸೌಟು ತೆಗೆದುಕೊಂಡು ಬಡಿಸಿದ್ದಾಳೆ. ಹಿಂದಿದ್ದವರು ತಮ್ಮ ತಟ್ಟೆಯನ್ನೂ ಹಿಡಿದಿದ್ದಾರೆ. ನಾನು ನೋಡುವಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹತ್ತು ಹದಿನೈದು ಜನರ ಸಾಲಿಗೆ, "ಇನ್ನೊಸಿ ಹಾಕುಸ್ಕಳಿ, ಸಾಲ್ದು" ಅಂತ ಉಪಚಾರ ಮಾಡುತ್ತ ನಿಂತಿದ್ದಳು. ಅವರಿಗೂ ಖುಷಿ. ಬಿಳಿ ಟೋಪಿಯ ಅಡುಗೆಯವನೊಬ್ಬ ಬಂದು ಬಹಳ ವಿನಯದಿಂದ ಸೌಟು ವಾಪಸು ಕೇಳುತ್ತಿದ್ದ.

ನಾಚಿಕೆಗೆ ನನ್ನ ತಲೆ ಕೆಟ್ಟುಹೋಯಿತು. "ಅಕ್ಕಾ! ಇಷ್ಟು ದುಡ್ಡು ಸುರಿದು ನಿನ್ನ ಕರ್ಕೊಂಡು ಬಂದಿರೋದು ಇಲ್ಲೂ ಸೌಟು ಹಿಡಿಯೋಕಾ?" ಅಂದೆ. ಆಟದ ಮೈದಾನದ ಗಂಟಲು ನನ್ನದು, ಇಡೀ ಮಹಡಿ ತಿರುಗಿ ನೋಡಿತು. ಅಕ್ಕ ಸೌಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಹಸಿವಿಲ್ಲ" ಅಂದು ಹೊರಗೆ ಹೋದಳು.

ಬೆಳಗಿನ ಮಾತ್ರೆ ಮಾತ್ರ ನುಂಗಿದ್ದಳು. ಅದು ನನ್ನ ತಲೆಗೆ ಹೋಗಲೇ ಇಲ್ಲ. ಒಂದು ಗಂಟೆ ಕಳೆದ ಮೇಲೆ ಹೊರಗೆ ಕುರ್ಚಿಯಲ್ಲಿ ಕೂತವಳ ಹಣೆಯಲ್ಲಿ ಬೆವರು, ಕೈ ಅದುರುತ್ತಿತ್ತು. "ಕಣ್ಣು ಕತ್ಲೆ ಕಟ್ತೈತೆ ಕಣೆ" ಅಂದಳು. ಸಕ್ಕರೆ ಇಳಿದಿದೆ ಅಂತ ಗೊತ್ತಾಯಿತು. ಪಕ್ಕದಲ್ಲೇ ಇದ್ದ ಕಾಫಿ ಅಂಗಡಿಗೆ ಓಡಿ ಕಿತ್ತಳೆ ಜ್ಯೂಸು ಕೇಳಿದೆ. ಅವನು ನಗುತ್ತ ಮೊದಲು ರೂಮಿನ ಕಾರ್ಡು ಕೇಳಿದ. ಕಾರ್ಡನ್ನು ಅವನ ಮುಂದೆ ಎಸೆದು, ಲೋಟ ಕಿತ್ತುಕೊಂಡು ಓಡಿದೆ. ಅಕ್ಕ ಎರಡು ಲೋಟ ಕುಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು ಸುಧಾರಿಸಿಕೊಂಡಳು. ಆ ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಏನಾದರೂ ಆದರೆ ಅವಳ ಮಕ್ಕಳಿಗೆ ಏನು ಹೇಳಲಿ ಅಂತ ನಾನು ಅತ್ತುಬಿಟ್ಟೆ. ಆ ದಿನವೆಲ್ಲ ಅವಳಿಗೆ ಬಾಳೆಹಣ್ಣು, ಬ್ರೆಡ್ಡು ತಿನ್ನಿಸಿ ಕಳೆದೆ.

ಮೂರನೆಯ ಬೆಳಿಗ್ಗೆ ರೂಮಿನ ಟೀವಿಯಲ್ಲಿ ನಮ್ಮ ಲೆಕ್ಕ ಕಾಣಿಸಿತು. ಎರಡು ಜ್ಯೂಸಿಗೆ ಬೆಲೆ ಹಾಕಿದ್ದರು. ಫ್ರೀ ಅಲ್ಲವೇ ಅಂತ ಫೋನು ಮಾಡಿ ಕೇಳಿದರೆ, ಆ ಅಂಗಡಿಯಲ್ಲಿ ಅಲ್ಲವಂತೆ. ಹತ್ತು ಹೆಜ್ಜೆ ಆಚೆ, ಅದೇ ಬಣ್ಣದ ಇನ್ನೊಂದು ಕಟ್ಟೆಯಲ್ಲಿ ಫ್ರೀಯಂತೆ. ನೀರು ಲೋಟದಲ್ಲಿ ಕುಡಿದರೆ ಫ್ರೀ, ಬಾಟಲಿಯಲ್ಲಿ ಕುಡಿದರೆ ದುಡ್ಡು. ನಾವು ಕೂತ ದೊಡ್ಡ ಹಾಲಿನಲ್ಲಿ ಮೀನು ಫ್ರೀ, ಮೇಲೆ ದೀಪ ಸಣ್ಣಗೆ ಮಾಡಿದ ಕೋಣೆಯಲ್ಲಿ ಅದೇ ಮೀನಿಗೆ ಬೇರೆ ಬೆಲೆ. ಕತ್ತಲಲ್ಲಿ ಉಣ್ಣುವುದಕ್ಕೆ ಯಾರಾದರೂ ಹೆಚ್ಚು ಕೊಡುತ್ತಾರೆಯೇ? ಇದೆಲ್ಲದರ ಕೆಳಗೆ, ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಬಡಿಸಿದವರ ಇನಾಮು ತಾನಾಗಿಯೇ ಬಿದ್ದಿತ್ತು. ನಮ್ಮ ಕಡೆ ಕೊಂಡವರಿಗೆ ಕೊಸರು. ಇಲ್ಲಿ ಮಾರಿದವರೇ ನಮ್ಮಿಂದ ಕೊಸರು ಕಿತ್ತುಕೊಳ್ಳುತ್ತಾರೆ, ಅದೂ ಕೇಳದೆ!

ಅಕ್ಕನ ತಲೆಗೂ ಹಾಕಿದ್ದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಒಂದು ತುತ್ತು ಉಣ್ಣದವಳಿಗೆ ಬಡಿಸಿದ ಇನಾಮು! ಜಗಳಕ್ಕೆ ಸಿದ್ಧಳಾಗಿಯೇ ಕೆಳಗಿನ ಕೌಂಟರಿಗೆ ಹೋದೆ. ಏನು ಹೇಳಬೇಕು, ಅವನು ಏನಂದರೆ ಏನನ್ನಬೇಕು ಎಲ್ಲ ಲಿಫ್ಟಿನಲ್ಲೇ ಜೋಡಿಸಿಕೊಂಡಿದ್ದೆ. ಕೌಂಟರಿನವನು ನನ್ನ ಮೊದಲನೆಯ ವಾಕ್ಯಕ್ಕೇ "ಖಂಡಿತ ಮೇಡಂ" ಅಂದು ಅಕ್ಕನ ಪಾಲು ತೆಗೆದುಬಿಟ್ಟ. ಕಾರಣ ಕೇಳಿದ. ನಮ್ಮ ಮೇಜಿಗೆ ಸರಿಯಾಗಿ ಬಡಿಸುವುದಿಲ್ಲ ಅಂದೆ. ಮೇಜಿನ ನಂಬರು ಬರೆದುಕೊಂಡ. ಅಷ್ಟೇ. ಬಾಗಿಲವರೆಗೆ ಹೋಗುವ ಅವಕಾಶವೂ ಕೊಡಲಿಲ್ಲ.

ಗೆದ್ದೆ ಅಂತ ಬಂದು ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯಿಂದ ಸಮುದ್ರ ನೋಡುತ್ತಿದ್ದವಳು ತಿರುಗಿದಳು.

"ಅದು ಯಾರಿಗೆ ಹೋಗೋ ದುಡ್ಡು?"

"ಬಡಿಸೋರಿಗೆ."

"ಆ ಹೆಂಗ್ಸಿಗಾ? ಅವಳೇನು ನನ್ನ ಉಣ್ಣಬ್ಯಾಡ ಅಂದ್ಲಾ? ತಂದು ಮುಂದೆ ಮಡಗಿದ್ಲು. ನಾನು ಉಣ್ನಿಲ್ಲ. ಅದ್ಕೆ ಅವಳ ಕೂಲಿ ಕಿತ್ಕಂಬುಟ್ಯಾ?"

"ನೀನು ಉಪವಾಸ ಇದ್ದೀಯಲ್ಲಕ್ಕ, ಹೊಟ್ಟೆ ಉರೀತು ನಂಗೆ."

"ಮದ್ವೆಯಾದಾಗಿಂದ ಬಡಿಸ್ತಾನೇ ಇವ್ನಿ. ಯಾರೂ ಒಂದು ಕಾಸು ಕೊಡ್ನಿಲ್ಲ. ಇವಳಿಗೆ ಏನೋ ಒಸಿ ಕೊಡ್ತಾರೆ ಅಂದ್ರೆ ಅದ್ನೂ ತಪ್ಪಿಸ್ದಲ್ಲೇ. ಹೆಂಗೆ ಮನ್ಸು ಬಂತು?"

ಸಂಜೆ ಊಟಕ್ಕೆ ಕರೆದರೆ ಏಳಲಿಲ್ಲ. "ಅವಳ ಮೊಕ ನೋಡ್ಕಂಡು ಹೆಂಗೆ ಉಣ್ಣಲಿ? ನೀ ಹೋಗಿ ಉಂಡ್ಕಂಬಾ" ಅಂದು ಹಲ್ಲುಜ್ಜುವ ಲೋಟದಲ್ಲಿ ಹುರಿಹಿಟ್ಟು ಕಲಸಿಕೊಂಡಳು. ಸಮುದ್ರದ ಮೇಲೆ, ಅಷ್ಟು ದೊಡ್ಡ ಹಡಗಿನಲ್ಲಿ, ಸಾತನೂರಿನ ಹಿಟ್ಟು. ಎಲ್ಲರ ಮೇಲೂ ಸಿಟ್ಟು ಬಂತು ನನಗೆ. ಅವಳ ಮೇಲೆ, ಹಡಗಿನ ಮೇಲೆ, "ಸುಮ್ನೆ ಕೂತ್ಕೊಂಡ್ರೆ ಸಾಕು" ಅಂದ ಟ್ರಾವೆಲ್ಸಿನವರ ಮೇಲೆ. ಆ ಸಿಟ್ಟಿನಲ್ಲೇ ಒಬ್ಬಳೇ ಊಟಕ್ಕೆ ಹೋದೆ.

ಬಡಿಸುವ ಹೆಂಗಸು ಮೊದಲು ಕೇಳಿದ್ದೇ, ನಿಮ್ಮ ಅಕ್ಕ ಎಲ್ಲಿ ಅಂತ. ಹುಷಾರಿಲ್ಲವೇ? ಮೊದಲ ದಿನವೂ ಏನೂ ತಿನ್ನಲಿಲ್ಲ, ಅವರಿಗೆ ಏನು ತಂದರೆ ಇಷ್ಟವಾಗುತ್ತದೆ ಹೇಳಿ ಅಂದಳು. ನನಗೆ ತಲೆ ಎತ್ತಲಾಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ತಂದಿಡಬೇಕು, ಬೇಡ ಅಂದರೂ ಮೂರು ಸಲ ಕೇಳಬೇಕು, ಕೈ ಅಡ್ಡ ಹಿಡಿದರೂ ಬಡಿಸಬೇಕು ಅಂತ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ನಕ್ಕಳು. ಒಟ್ಟಿಗೆ ತರುವುದಕ್ಕೇನು, ನಾಳೆ ಮಧ್ಯಾಹ್ನವೇ ತರುತ್ತೇನೆ ಅಂದಳು. ಆದರೆ ಬೇಡ ಅಂದವರಿಗೆ ಎರಡನೆಯ ಸಲ ಕೇಳಬಾರದು ಅಂತ ನಮಗೆ ಕಲಿಸಿದ್ದಾರೆ ಮೇಡಂ, ಒತ್ತಾಯ ಮಾಡಿದರು ಅಂತ ದೂರು ಬರುತ್ತದೆ ಅಂದಳು. ಆಮೇಲೆ, "ಅದನ್ನು ನೀವೇ ಮಾಡಬಹುದಲ್ಲ, ನೀವು ತಂಗಿಯಲ್ಲವೇ?" ಅಂತ ಕೇಳಿ ನನ್ನ ತಟ್ಟೆ ತೆಗೆದುಕೊಂಡು ಹೋದಳು.

ಇವಳು ಯಾರು ನನಗೆ ಹೇಳುವುದಕ್ಕೆ ಅಂತ ಮೊದಲು ಅನ್ನಿಸಿತು. ನನ್ನಕ್ಕನ ವಿಷಯ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಒಲೆಯ ಪಕ್ಕ ನಿಂತು ಅವಳು ಉಣ್ಣುವುದನ್ನು ಎಷ್ಟೋ ವರ್ಷ ನೋಡಿದ್ದೆ. ಉಂಡು, ಕೈ ತೊಳೆದು, ಓದಿಕೊಳ್ಳಲು ಹೋಗುತ್ತ ನೋಡಿದ್ದೆ. "ಉಪ್ಪು ಕಮ್ಮಿ" ಅಂದವರಲ್ಲಿ ನಾನೂ ಇದ್ದೆ. ಕೆಲಸ ಸಿಕ್ಕ ಮೇಲೂ ಹಬ್ಬಕ್ಕೆ ಹೋದಾಗ ಗಂಡಸರ ಜೊತೆ ಮೊದಲನೆಯ ಪಂಕ್ತಿಯಲ್ಲಿ ಕೂತು ಬಂದಿದ್ದೆ. ಒಂದು ದಿನ, ಒಂದೇ ಒಂದು ದಿನ, ಸೌಟು ಅವಳ ಕೈಯಿಂದ ತೆಗೆದುಕೊಂಡು "ಕೂತ್ಕೋ ಅಕ್ಕ" ಅಂದಿದ್ದರೆ ಸಾಕಿತ್ತು. ಅದಕ್ಕೆ ಸಿಂಗಪುರವೂ ಬೇಕಿರಲಿಲ್ಲ, ಪಾಸ್‌ಪೋರ್ಟೂ ಬೇಕಿರಲಿಲ್ಲ. ನಾನು ಮಾಡಬೇಕಾದ್ದನ್ನು ಮಾಡಿ ಅಂತ ಹಡಗಿನವರಿಗೆ ದುಡ್ಡು ಕಟ್ಟಿ, ಅವರು ಮಾಡಲಿಲ್ಲ ಅಂತ ಜಗಳಕ್ಕೆ ಹೋಗಿದ್ದೆ.

ಊಟದ ಹಾಲಿನಿಂದ ನೇರವಾಗಿ ಕೌಂಟರಿಗೆ ಹೋದೆ. ತೆಗೆದದ್ದನ್ನು ವಾಪಸು ಹಾಕಿ, ದೂರನ್ನು ಹೊಡೆದುಹಾಕಿ, ತಪ್ಪು ನನ್ನದು ಅಂದೆ. ಅವನು ಅದಕ್ಕೂ "ಖಂಡಿತ ಮೇಡಂ" ಅಂದ. ಆ ಮನುಷ್ಯನ ಜೊತೆ ಯಾವುದಕ್ಕೂ ಜಗಳವಾಡಲು ಸಾಧ್ಯವಿರಲಿಲ್ಲ. ರೂಮಿಗೆ ಬಂದು ಹೇಳಿದಾಗ ಅಕ್ಕ "ಹೂಂ" ಅಂದಳು, ಅಷ್ಟೇ. ಆದರೆ ಮಾರನೆಯ ಮಧ್ಯಾಹ್ನ ನಾನು ಕರೆಯುವ ಮೊದಲೇ ಸೀರೆ ಉಟ್ಟು ಕೂತಿದ್ದಳು.

ಆ ಹೆಂಗಸು ಹೇಳಿದಂತೆ ಮಾಡಿದ್ದಳು. ಸೂಪು, ತರಕಾರಿ, ಅನ್ನ, ಮೀನು, ಎಲ್ಲಿಂದಲೋ ಒಂದು ಬಟ್ಟಲು ತೆಳ್ಳನೆಯ ಸಾರಿನಂಥದ್ದು, ಎಲ್ಲವನ್ನೂ ಒಂದೇ ಸಲಕ್ಕೆ ತಂದು ಮೇಜು ತುಂಬಿಸಿದಳು. ಅಕ್ಕ ಒಂದೊಂದನ್ನೇ ನೋಡಿದಳು. "ಈಗ ಸರಿ" ಅಂದಳು. ಆದರೂ ಕೈ ತೊಡೆಯ ಮೇಲೆಯೇ ಇತ್ತು.

ನಾನು ಎದ್ದು ನಿಂತು ಅನ್ನದ ಚಮಚ ತೆಗೆದುಕೊಂಡೆ. ಅವಳ ತಟ್ಟೆಗೆ ಅನ್ನ ಹಾಕಿದೆ, ಸಾರು ಹಾಕಿದೆ, ಮೀನು ಹಾಕಿದೆ.

"ಸಾಕು, ಕೂತ್ಕಳೆ. ಎಲ್ರೂ ನೋಡ್ತಾವ್ರೆ" ಅಂದಳು.

"ನೋಡ್ಲಿ" ಅಂದೆ.

ನಿಜವಾಗಿ ನೋಡುತ್ತಿದ್ದರು. ಸಾಲಿನಲ್ಲಿ ಸೌಟು ಹಿಡಿದಳು ಅಂತ ಅವಳ ಮೇಲೆ ಕೂಗಾಡಿದ್ದ ನಾನು ಅಷ್ಟು ಜನರ ಮಧ್ಯೆ ಚಮಚ ಹಿಡಿದು ನಿಂತಿದ್ದೆ. ಅಕ್ಕ ಅನ್ನ ಕಲಸಿದಳು. ಕೈಯಲ್ಲೇ ಕಲಸಿದಳು. ಮೊದಲ ತುತ್ತು ಇಟ್ಟುಕೊಂಡಳು, ಎರಡನೆಯದು, ಮೂರನೆಯದು. ತಟ್ಟೆ ಅರ್ಧವಾದಾಗ ಮತ್ತೆ ಅನ್ನ ತಂದೆ. "ಬೇಡ ಬೇಡ" ಅಂತ ಎರಡೂ ಕೈ ಅಡ್ಡ ಹಿಡಿದಳು. ನಾನು ಬೆರಳ ಸಂದಿಯಲ್ಲೇ ಹಾಕಿದೆ. ಒಂದಿಷ್ಟು ಬಿಳಿ ಬಟ್ಟೆಯ ಮೇಲೂ ಬಿತ್ತು. "ಹಠಮಾರಿ" ಅಂತ ಬೈದು ಅದನ್ನೂ ಉಂಡಳು. ಬಡಿಸುವ ಹೆಂಗಸು ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು.

ಸಾರು ಇನ್ನೊಂದು ಸಲ ಹಾಕಿದಾಗ ಅಕ್ಕ ಒಂದು ಗುಟುಕು ಹೀರಿದಳು. ಬಾಯಲ್ಲಿ ಇಟ್ಟುಕೊಂಡು ಯೋಚನೆ ಮಾಡಿದಳು. ಮುಖ ಸ್ವಲ್ಪ ಹಿಂಡಿದಳು.

"ಉಪ್ಪು ಕಮ್ಮಿ ಐತೆ ಕಣೆ" ಅಂದಳು.

ಅಕ್ಕನ ಅರವತ್ತಾರು ವರ್ಷದಲ್ಲಿ ಊಟದ ಮುಂದೆ ಕೂತು ಅವಳು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏನು ಹೇಳಿದರು ಅಂತ ಆ ಹೆಂಗಸು ಕೇಳುತ್ತಿದ್ದಳು. ಪಕ್ಕದ ಮೇಜಿನಿಂದ ಉಪ್ಪಿನ ಡಬ್ಬಿ ತಂದು ಅಕ್ಕನ ಮುಂದಿಟ್ಟೆ. ನನ್ನ ಊಟ ಅವಳದು ಮುಗಿದ ಮೇಲಾಯಿತು.